ಮನೆಗೊಂದು ಎಸ್‌ಯುವಿ: ಡೀಸೆಲ್ಲೋ ಪೆಟ್ರೋಲೋ? (ಊರೊಳಗೆ ಚಿಕ್ಕ ಓಡಾಟ + ಶಿರಾಡಿ ಘಾಟಿ)

ಹಾಸನ_ಹೊಯ್ಸಳ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಐದು ಜನ, ಅದರಲ್ಲಿ ಇಬ್ಬರು ಹಿರಿಯರು. ಕ್ರೆಟಾ, ಸೆಲ್ಟೋಸ್ ಅಳತೆಯ ಗಾಡಿ ನೋಡುತ್ತಿದ್ದೇವೆ. ಆನ್‌ರೋಡ್ 18–19 ಲಕ್ಷ ದಾಟಬಾರದು. ಓಡಾಟ ಎರಡು ಥರ. ವಾರದ ದಿನಗಳಲ್ಲಿ ಹಾಸನದ ಒಳಗೇ ಶಾಲೆ, ಮಾರ್ಕೆಟ್, ಆಸ್ಪತ್ರೆ ಅಂತ ಒಂದೊಂದು ಸಲಕ್ಕೆ ಮೂರ್ನಾಲ್ಕು ಕಿ.ಮೀ. ತಿಂಗಳಿಗೆ ಒಂದೆರಡು ಸಲ ಫುಲ್ ಲೋಡಿನಲ್ಲಿ ಮಂಗಳೂರು ಅಥವಾ ಬೆಂಗಳೂರು. ವರ್ಷಕ್ಕೆ ಸುಮಾರು 13,000 ಕಿ.ಮೀ. ಆಗಬಹುದು. ಷೋರೂಮಿನವರು "ತಿಂಗಳಿಗೆ ಸಾವಿರ ಕಿ.ಮೀ. ಮೇಲಿದ್ರೆ ಕಣ್ಣು ಮುಚ್ಚಿ ಡೀಸೆಲ್ ತಗೊಳ್ಳಿ" ಅನ್ನುತ್ತಾರೆ. ಗೊತ್ತಿರುವವರು ಲೆಕ್ಕ ಸಮೇತ ಹೇಳಿ.

ಲೆಕ್ಕ_ಪಕ್ಕಾ
ತಿಂಗಳಿಗೆ ಸಾವಿರ ಕಿ.ಮೀ. ಅನ್ನೋದು ಡೀಸೆಲ್ ಲೀಟರಿಗೆ 25 ರೂಪಾಯಿ ಅಗ್ಗವಿದ್ದ ಕಾಲದ ಲೆಕ್ಕ. ಈಗ ಆ ಅಂತರ ಇಲ್ಲ. ನಮ್ಮ ರಾಜ್ಯದಲ್ಲಿ 2024ರ ಜೂನ್‌ನಲ್ಲಿ ಎರಡರ ಮೇಲೂ ಮಾರಾಟ ತೆರಿಗೆ ಏರಿತು, 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಮತ್ತೆ ಏರಿ 21.17% ಆಯಿತು. ಬೆಂಗಳೂರಿನ ದರ ಪೆಟ್ರೋಲ್ 103, ಡೀಸೆಲ್ 91 ಅಂತ ಹಿಡಿಯುತ್ತೇನೆ. ನಿಮ್ಮ ಬಂಕಿನ ಇವತ್ತಿನ ದರ ಹಾಕಿಕೊಂಡು ತಿದ್ದಿಕೊಳ್ಳಿ.

ಗಾಡಿ ಬೆಲೆ: ಒಂದೇ ವೇರಿಯಂಟಿನಲ್ಲಿ 1.5 ಪೆಟ್ರೋಲಿಗಿಂತ 1.5 ಡೀಸೆಲ್ ಎಕ್ಸ್‌ಷೋರೂಂ ಸುಮಾರು ಒಂದೂವರೆ ಲಕ್ಷ ಜಾಸ್ತಿ. ಆ ಒಂದೂವರೆ ಲಕ್ಷಕ್ಕೂ 17% ಜೀವಿತಾವಧಿ ತೆರಿಗೆ, ತೆರಿಗೆಯ ಮೇಲೆ ಸೆಸ್. ಎಲ್ಲ ಸೇರಿ ಆನ್‌ರೋಡ್ ವ್ಯತ್ಯಾಸ 1.8 ಲಕ್ಷ.

ಮೈಲೇಜ್: ಕ್ರೆಟಾ ಮ್ಯಾನುಯಲ್ಲಿಗೆ ಎಆರ್‌ಎಐ (ವಾಹನ ಪರೀಕ್ಷಾ ಸಂಸ್ಥೆ) ಅಂಕಿ ಪೆಟ್ರೋಲ್ 17.4, ಡೀಸೆಲ್ 21.8. ರಸ್ತೆಯಲ್ಲಿ ಅಷ್ಟು ಬರುವುದಿಲ್ಲ. ಊರು, ಹೈವೇ ಬೆರೆಸಿ 12.5 ಮತ್ತು 16.5 ಇಟ್ಟುಕೊಳ್ಳಿ.

ಪೆಟ್ರೋಲ್: 103 ÷ 12.5 = ಕಿ.ಮೀ.ಗೆ 8.24 ರೂ.
ಡೀಸೆಲ್: 91 ÷ 16.5 = 5.52 ರೂ.
ಉಳಿತಾಯ 2.72. ಇದರಲ್ಲಿ ಆ್ಯಡ್‌ಬ್ಲೂ (ಡೀಸೆಲ್ ಹೊಗೆ ಶುದ್ಧಿಗೆ ಹಾಕುವ ಯೂರಿಯಾ ದ್ರವ) ಖರ್ಚು ಏಳೆಂಟು ಪೈಸೆ ಕಳೆದರೆ 2.65.

1,80,000 ÷ 2.65 = ಸುಮಾರು 68,000 ಕಿ.ಮೀ. ನಿಮ್ಮ 13,000ದ ಓಡಾಟಕ್ಕೆ ಐದು ವರ್ಷದ ಮೇಲೆ ಆಯಿತು. ಆ 1.8 ಲಕ್ಷವೂ ಸಾಲದಲ್ಲೇ ಬಂದರೆ 9%, ಐದು ವರ್ಷಕ್ಕೆ ಬಡ್ಡಿಯೇ 44,000 ರೂ. ಅಂದರೆ ಇನ್ನೂ 16,500 ಕಿ.ಮೀ. ಓಡಿಸಬೇಕು. ಇದನ್ನು ಯಾವ ಸೇಲ್ಸ್‌ನವರೂ ಲೆಕ್ಕದಲ್ಲಿ ತೋರಿಸುವುದಿಲ್ಲ.

ಹುಬ್ಬಳ್ಳಿ_ಬೈಪಾಸ್
ಲೆಕ್ಕ ಭಾಳ ಛಲೋ ಐತ್ರಿ, ಆದ್ರ ಮಾರೋ ಮುಂದ ಬರೋ ರೊಕ್ಕ ಬಿಟ್ಟೀರಿ. ನಮ್ಮ ಕಡೆ ಡೀಸೆಲ್ ಎಸ್‌ಯುವಿಗೆ ಗಿರಾಕಿ ಜಾಸ್ತಿ. ಕೊಟ್ಟ 1.8 ಲಕ್ಷದಾಗ 60 ಸಾವಿರ ವಾಪಸ್ ಬಂದ್ರೂ ಲೆಕ್ಕ 45 ಸಾವಿರ ಕಿ.ಮೀ.ಗೆ ಇಳೀತದ. ಹುಬ್ಬಳ್ಳಿ–ಬೆಂಗಳೂರು ಹೋಗಿ ಬರಾವ್ರಿಗೆ ಅದು ಎರಡು ವರ್ಷದ ಮಾತು.

ಲೆಕ್ಕ_ಪಕ್ಕಾ
ಒಪ್ಪಿದೆ ಸರ್. ಆದರೆ ಏಳೆಂಟು ವರ್ಷ ಇಟ್ಟುಕೊಳ್ಳುವವರು ಮರುಮಾರಾಟದ ಬೆಲೆ ನಂಬಿ ಇವತ್ತು ಕೈಯಿಂದ ದುಡ್ಡು ಹಾಕಬಾರದು ಅನ್ನೋದು ನನ್ನ ಲೆಕ್ಕ. ಅಷ್ಟು ದಿನದಲ್ಲಿ ಯಾವ ನಿಯಮ ಬರುತ್ತೋ.

ಇನ್ನೊಂದು ವಿಷಯ. ನಮ್ಮ ರಾಜ್ಯದ ರಸ್ತೆ ತೆರಿಗೆ ಪೆಟ್ರೋಲೋ ಡೀಸೆಲ್ಲೋ ಅಂತ ನೋಡಿ ಬದಲಾಗುವುದಿಲ್ಲ, ಬೆಲೆ ನೋಡಿ ಬದಲಾಗುತ್ತದೆ. 5ರಿಂದ 10 ಲಕ್ಷಕ್ಕೆ 14%, 10ರಿಂದ 20ಕ್ಕೆ 17%, ಅದರ ಮೇಲೆ 18%. ಪೆಟ್ರೋಲ್ ವೇರಿಯಂಟ್ 9.9 ಲಕ್ಷಕ್ಕೆ ನಿಂತು, ಅದೇ ಡೀಸೆಲ್ 11 ಲಕ್ಷವಾದರೆ ಇಡೀ 11 ಲಕ್ಷಕ್ಕೂ 17% ಬೀಳುತ್ತದೆ. ಕೊಟೇಶನ್ ತೆಗೆದುಕೊಳ್ಳುವಾಗ ಈ ಗೆರೆಗಳ ಆಸುಪಾಸಿನ ವೇರಿಯಂಟ್ ಇದೆಯಾ ನೋಡಿ.

ಸಿಲ್ಕ್‌ಬೋರ್ಡ್_ಸಂತ್ರಸ್ತೆ
ನಾಲ್ಕು ಮೀಟರ್ ಒಳಗಿನ ಗಾಡಿ ಸಾಕು ಅನ್ನುವವರಿಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ಉದ್ದ 4 ಮೀಟರ್ ಮೀರದ, 1,200 ಸಿಸಿ ಒಳಗಿನ ಪೆಟ್ರೋಲ್ ಮತ್ತು 1,500 ಸಿಸಿ ಒಳಗಿನ ಡೀಸೆಲ್‌ಗೆ 18%. ಉಳಿದ ಪೆಟ್ರೋಲ್, ಡೀಸೆಲ್ ಗಾಡಿಗಳಿಗೆಲ್ಲ 40%. ಹಾಗಾಗಿ ನೆಕ್ಸಾನ್, ಸೋನೆಟ್, ವೆನ್ಯೂ, ಎಕ್ಸ್‌ಯುವಿ 3ಎಕ್ಸ್‌ಒ ಡೀಸೆಲ್‌ಗಳಿಗೆ 18%. 1,462 ಸಿಸಿ ಪೆಟ್ರೋಲಿನ ಬ್ರೆಝಾಗೆ 40%. ಡೀಸೆಲ್ ಅಂದರೆ ತೆರಿಗೆ ಜಾಸ್ತಿ ಅನ್ನೋದು ಈ ಅಳತೆಯಲ್ಲಿ ಉಲ್ಟಾ.

ಪಾನಾ_12_13
ಎಲ್ಲರೂ ಕಿ.ಮೀ. ಲೆಕ್ಕದಲ್ಲೇ ಇದ್ದೀರಿ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್‌ಗೆ ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಸಲ ಸ್ಟಾರ್ಟ್ ಮಾಡಿದರೆ ಇಂಜಿನ್ ಎಷ್ಟು ಹೊತ್ತು ಬಿಸಿಯಾಗಿ ಓಡುತ್ತದೆ? ವರ್ಷಕ್ಕೆ 20,000 ಓಡಿಸಿದರೂ ಎಲ್ಲ ಮೂರ್ಮೂರು ಕಿ.ಮೀ. ಓಡಾಟವಾದರೆ ಡೀಸೆಲ್ ಬೇಡ. 8,000 ಓಡಿಸಿದರೂ ಪ್ರತಿ ಸಲ ಹೈವೇ ಆದರೆ ಗಾಡಿಗೆ ತೊಂದರೆ ಇಲ್ಲ, ಜೇಬಿಗೆ ಮಾತ್ರ.

ಕಾರಣ ಡಿಪಿಎಫ್. ಸೈಲೆನ್ಸರ್ ದಾರಿಯಲ್ಲಿ ಕೂತಿರುವ ಸೆರಾಮಿಕ್ ಜಾಲರಿ ಅದು, ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಸುಡಬೇಕು. ಹೈವೇಯಲ್ಲಿ ಎಕ್ಸಾಸ್ಟ್ ಬಿಸಿ ಇದ್ದರೆ ಮಸಿ ಸ್ವಲ್ಪಸ್ವಲ್ಪವೇ ತಾನಾಗಿ ಉರಿದುಹೋಗುತ್ತದೆ. ಅಷ್ಟು ಸಾಲದಿದ್ದರೆ 300ರಿಂದ 500 ಕಿ.ಮೀ.ಗೊಮ್ಮೆ ಇಸಿಯು (ಇಂಜಿನ್ ಕಂಪ್ಯೂಟರ್) ತಾನೇ ಒಂದಿಷ್ಟು ಹೆಚ್ಚಿನ ಡೀಸೆಲ್ ಸಿಂಪಡಿಸಿ ಡಿಪಿಎಫ್ ಒಳಗೆ 600 ಡಿಗ್ರಿ ಮುಟ್ಟಿಸುತ್ತದೆ. ಇದಕ್ಕೆ ರೀಜೆನ್ ಅಂತಾರೆ. 10ರಿಂದ 20 ನಿಮಿಷ ಬೇಕು.

ಮಧ್ಯದಲ್ಲಿ ಗಾಡಿ ಆಫ್ ಮಾಡಿದರೆ ರೀಜೆನ್ ಅರ್ಧಕ್ಕೆ ನಿಲ್ಲುತ್ತದೆ. ಉರಿಯದೇ ಉಳಿದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ನಾಳೆ ಮತ್ತೆ ಶುರು, ಮತ್ತೆ ಅರ್ಧಕ್ಕೆ ಬಂದ್. ಹೀಗೇ ನಡೆದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರುತ್ತದೆ. ಮೇಲಿನ ಗುರುತು ದಾಟಿ ಮೂಗಿಗೆ ಡೀಸೆಲ್ ವಾಸನೆ ಬಂದರೆ ಕಿ.ಮೀ. ನೋಡದೆ ಆಯಿಲ್ ಬದಲಾಯಿಸಬೇಕು. ನೀರಾದ ಆಯಿಲ್‌ನಲ್ಲಿ ಮೊದಲು ಏಟು ತಿನ್ನುವುದು ಟರ್ಬೋ (ಇಂಜಿನಿಗೆ ಗಾಳಿ ಒತ್ತಿ ತುಂಬುವ ಪಂಕ) ಬೇರಿಂಗ್.

ರೀಜೆನ್ ನಡೆಯುತ್ತಿದೆ ಅಂತ ಸಾಮಾನ್ಯವಾಗಿ ಮೀಟರಿನಲ್ಲಿ ಬರೆದು ಬರುವುದಿಲ್ಲ. ಗುರುತು ಇವು: ಐಡಲ್ (ನಿಂತಾಗಿನ ಇಂಜಿನ್ ವೇಗ) 750–800 ಆರ್‌ಪಿಎಂ ಇರುವುದು ಸಾವಿರದ ಹತ್ತಿರ ಹೋಗುತ್ತದೆ, ಕ್ಷಣದ ಮೈಲೇಜ್ ದಿಢೀರ್ ಅಂತ ಕುಸಿಯುತ್ತದೆ, ಐಡಲ್ ಸ್ಟಾಪ್ (ಸಿಗ್ನಲ್‌ನಲ್ಲಿ ಇಂಜಿನ್ ತಾನೇ ಆಫ್ ಆಗುವುದು) ಕೆಲಸ ಮಾಡುವುದಿಲ್ಲ, ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ಓಡುತ್ತದೆ, ಸುಟ್ಟ ವಾಸನೆ. ಹೀಗೆ ಕಂಡರೆ ಮನೆ ಮುಂದೆ ಆಫ್ ಮಾಡಬೇಡಿ, ಇನ್ನೊಂದು ಸುತ್ತು ಹೋಗಿ ಬನ್ನಿ.

ಡಿಪಿಎಫ್ ದೀಪ ಹೊತ್ತಿದರೆ: 60ಕ್ಕೆ ಕಡಿಮೆ ಇಲ್ಲದ ವೇಗ, ಒಂದು ಗೇರ್ ಕೆಳಗೆ, 2,000–2,500 ಆರ್‌ಪಿಎಂ, ನಿಲ್ಲಿಸದೆ 20 ನಿಮಿಷ. ದೀಪ ಆರಬೇಕು. ಜೊತೆಗೆ ಚೆಕ್ ಇಂಜಿನ್ ದೀಪವೂ ಬಂದು ಪಿಕಪ್ ಬಿದ್ದುಹೋದರೆ ನಿಮ್ಮ ಕೈ ಮೀರಿತು. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ನಿಂತಲ್ಲೇ ಸುಡಿಸುತ್ತಾರೆ. ಅದೂ ಆಗದಿದ್ದರೆ ಬಿಚ್ಚಿ ತೊಳೆಯುವುದು, ಕೊನೆಗೆ ಹೊಸದು. ಹೊಸದರ ಬೆಲೆ ಲಕ್ಷದ ಮಾತು.

ಹಾಸನದವರಿಗೆ ಹೇಳುವುದಾದರೆ, ನಿಮ್ಮ ಓಡಾಟ ಗಡಿಯಲ್ಲಿದೆ. ತಿಂಗಳಿಗೆ ಎರಡು ಸಲ ಮಂಗಳೂರು ಖಂಡಿತ ಇದ್ದರೆ ಡಿಪಿಎಫ್ ತಡೆದುಕೊಳ್ಳುತ್ತದೆ. ಶಾಲೆ ಓಡಾಟಕ್ಕೆ ಮನೆಯಲ್ಲಿ ಸ್ಕೂಟರ್ ಇದೆಯಾ?

ಹಾಸನ_ಹೊಯ್ಸಳ
ಸ್ಕೂಟರ್ ಇದೆ ಸರ್. ಮಳೆಗಾಲದಲ್ಲಿ ಮಾತ್ರ ಎಲ್ಲದಕ್ಕೂ ಕಾರೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಕಡೆ ಹೋಗುವುದೂ ಕಡಿಮೆ.

ಪಾನಾ_12_13
ನಾಲ್ಕು ತಿಂಗಳು ಬರೀ ಊರೊಳಗಿನ ಓಡಾಟ ಅಂದಹಾಗಾಯಿತು. ಆಗ ವಾರಕ್ಕೊಂದು ಸಲ ಬಿ.ಎಂ. ರಸ್ತೆ ಹಿಡಿದು ಚನ್ನರಾಯಪಟ್ಟಣದ ಕಡೆ ಅರ್ಧ ಗಂಟೆ ಓಡಿಸಿ ತರಬೇಕು. ಬೇಜಾರಿಲ್ಲದೆ ಮಾಡುವವರಿಗೆ ಡೀಸೆಲ್ ಸರಿ. ಮಾಡದವರಿಗೆ ಪೆಟ್ರೋಲ್.

ಕುಡ್ಲದ_ಘಾಟಿ
ಮಾರಾಯ್ರೇ, ಘಾಟಿಯ ವಿಷಯ ಯಾರೂ ಮಾತಾಡ್ಲಿಲ್ಲ! ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿ ಶಿರಾಡಿಯಲ್ಲಿ ಗುಂಡ್ಯದಿಂದ ಮಾರನಹಳ್ಳಿಗೆ ಹತ್ತುವಾಗ ಗೊತ್ತಾಗ್ತದೆ ವ್ಯತ್ಯಾಸ. ಕ್ರೆಟಾದ 1.5 ಪೆಟ್ರೋಲಿಗೆ 144 ಎನ್ಎಂ ಟಾರ್ಕ್ (ಎಳೆಯುವ ಬಲ), ಅದೂ 4,500 ಆರ್‌ಪಿಎಂನಲ್ಲಿ. ಡೀಸೆಲಿಗೆ 250 ಎನ್ಎಂ, 1,500ರಿಂದ 2,750ರ ಒಳಗೇ ಸಿಗ್ತದೆ. ಎದುರಿಗೆ ಟ್ಯಾಂಕರ್ ಸಾಲು ಇದ್ದರೆ ಪೆಟ್ರೋಲಿನಲ್ಲಿ ಎರಡನೇ ಗೇರಿಗೆ ಬಂದು 4,000ಕ್ಕೆ ಎಳೆದು ಓವರ್‌ಟೇಕ್ ಮಾಡ್ಬೇಕು. ಇಂಜಿನ್ ಬೊಬ್ಬೆ ಹೊಡೀತದೆ, ಹೆದರ್ಲಿಕ್ಕಿಲ್ಲ, ಅದು ಹಾಗೆ ಓಡ್ಲಿಕ್ಕೇ ಮಾಡಿದ ಇಂಜಿನ್. ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯುವುದು ತಪ್ಪು.

ಸಕಲೇಶಪುರ 900 ಮೀಟರ್ ಮೇಲೆ ಉಂಟು. ಟರ್ಬೋ ಇಲ್ಲದ ಇಂಜಿನಿಗೆ ಸಾವಿರ ಮೀಟರಿಗೆ ಹತ್ತು ಪರ್ಸೆಂಟ್ ಲೆಕ್ಕದಲ್ಲಿ ಶಕ್ತಿ ಕಡಿಮೆ ಆಗ್ತದೆ, ಗಾಳಿ ತೆಳು ಅಲ್ವಾ. ಟರ್ಬೋ ಇದ್ದದ್ದಕ್ಕೆ ಅದು ಅಷ್ಟು ಗೊತ್ತಾಗುವುದಿಲ್ಲ.

ಡೀಸೆಲಿಗೂ ಒಂದು ಬೇನೆ ಉಂಟು. ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರಿನಲ್ಲಿ 1,300ಕ್ಕೆ ಇಳಿದ್ರೆ ಟರ್ಬೋ ಮಲಗಿರ್ತದೆ, ಗಾಡಿ ನಿಂತ ಹಾಗೆ ಆಗ್ತದೆ. ತಿರುವಿನ ಮೊದಲೇ ಒಂದನೇ ಗೇರಿಗೆ ಹಾಕಿ. ಹಾಫ್ ಕ್ಲಚ್‌ನಲ್ಲಿ ಎಳೆಯಬೇಡಿ. ಡೀಸೆಲ್‌ಗಳಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ (ನಡುಕ ತಡೆಯುವ ಎರಡು ತುಂಡಿನ ಚಕ್ರ) ಇದ್ದರೆ ಕ್ಲಚ್ ಕೆಲಸದ ಬಿಲ್ ಪೆಟ್ರೋಲಿನ ಎರಡರಷ್ಟಾಗ್ತದೆ.

ಸಿಲ್ಕ್‌ಬೋರ್ಡ್_ಸಂತ್ರಸ್ತೆ
ಅದಕ್ಕೆ ಟರ್ಬೋ ಪೆಟ್ರೋಲ್ ಇದೆಯಲ್ಲ? 160 ಪಿಎಸ್, 253 ಎನ್ಎಂ, 1,500 ಆರ್‌ಪಿಎಂನಿಂದಲೇ. ಡಿಪಿಎಫ್ ತಲೆನೋವಿಲ್ಲ, ಘಾಟಿಯಲ್ಲಿ ಡೀಸೆಲ್ ಥರವೇ ಎಳೆಯುತ್ತದೆ.

ಪಾನಾ_12_13
ಎಳೆಯುತ್ತೆ ಮೇಡಂ, ಕುಡಿಯುತ್ತೆ ಕೂಡ. ಟರ್ಬೋ ಪೆಟ್ರೋಲಿಗೆ ಲೋಡ್ ಬಿದ್ದಾಗ ಬಿಸಿ ಇಳಿಸಲು ಇಂಜಿನ್ ತಾನೇ ಜಾಸ್ತಿ ಪೆಟ್ರೋಲ್ ಸೇರಿಸಿಕೊಳ್ಳುತ್ತದೆ. ಫುಲ್ ಲೋಡಿನ ಘಾಟಿಯಲ್ಲಿ 7–8, ಬೆಂಗಳೂರು ಜಾಮ್‌ನಲ್ಲಿ 8–9 ಅಂತಲೇ ಇಟ್ಟುಕೊಳ್ಳಿ. ಬೆಲೆಯೂ ಡೀಸೆಲ್‌ನ ಹತ್ತಿರ ಅಥವಾ ಮೇಲೆ. ಓಡಿಸುವ ಖುಷಿಗೆ ತೆಗೆದುಕೊಳ್ಳುವವರು ತೆಗೆದುಕೊಳ್ಳಲಿ, ಉಳಿತಾಯಕ್ಕೆ ಅಂತ ಬೇಡ.

ಡೈರೆಕ್ಟ್ ಇಂಜೆಕ್ಷನ್ ಇರುವ ಪೆಟ್ರೋಲ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಬೀಳುವುದರಿಂದ ಇನ್‌ಟೇಕ್ ವಾಲ್ವ್ ತೊಳೆಯುವುದಿಲ್ಲ. ವರ್ಷಗಳು ಕಳೆದಂತೆ ಅದರ ಬೆನ್ನ ಮೇಲೆ ಕಾರ್ಬನ್ ಕೂರುತ್ತದೆ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿ ಅಲ್ಲಿಗೆ ತಲುಪುವುದೇ ಇಲ್ಲ. ಅದನ್ನು ಮಾರುವವರ ಮಾತು ನಂಬಬೇಡಿ. ವಾಲ್ವ್‌ನ ಹೊರಗೇ ಪೆಟ್ರೋಲ್ ಸಿಂಪಡಿಸುವ ಸಾದಾ ಎಂಪಿಐ ಪೆಟ್ರೋಲ್‌ಗೆ ಈ ತೊಂದರೆ ಇಲ್ಲ. ಗ್ಯಾರೇಜ್ ಕಡೆಯಿಂದ ನೋಡಿದರೆ ಎಲ್ಲಕ್ಕಿಂತ ಕಡಿಮೆ ಕಾಟ ಕೊಡುವ ಇಂಜಿನ್ ಅದೇ. ಆಯಿಲ್ ನಾಲ್ಕು ಲೀಟರ್ ಒಳಗೆ, ಡೀಸೆಲಿಗೆ ಐದರ ಆಸುಪಾಸು. ಡೀಸೆಲ್ ಫಿಲ್ಟರ್ ಅನ್ನೋ ಖರ್ಚೂ ಇಲ್ಲ.

ಸಿಲ್ಕ್‌ಬೋರ್ಡ್_ಸಂತ್ರಸ್ತೆ
ಬೆಂಗಳೂರಿನವರು ರೀಜೆನ್‌ಗೆ 20 ನಿಮಿಷ 60ರ ವೇಗ ಎಲ್ಲಿ ತರೋದು? ನೈಸ್ ರೋಡಿಗೆ ಟೋಲ್ ಕಟ್ಟಿ ಮಸಿ ಸುಟ್ಟು ಬರಬೇಕಷ್ಟೇ 😄 ಬೆಳಿಗ್ಗೆ ಆರರ ಒಳಗೆ ಏರ್‌ಪೋರ್ಟ್ ರೋಡಾದರೂ ಆಗುತ್ತೆ.

ಎಥನಾಲ್_ಮಂಡ್ಯ
ಪೆಟ್ರೋಲ್ ಕಡೆಯ ಲೆಕ್ಕದಲ್ಲಿ ಇ20 ಬಂದೇ ಇಲ್ಲ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಲೀಟರಿಗೆ ಶುದ್ಧ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಎಥನಾಲ್‌ನಲ್ಲಿ 21. ಎಂಟು ಭಾಗ, ಎರಡು ಭಾಗ ಬೆರೆಸಿದರೆ 30ರ ಹತ್ತಿರ. ಅಂದರೆ ಕಾಗದದ ಮೇಲೆ 7% ನಷ್ಟ. ಇ20ಕ್ಕೆ ಟ್ಯೂನ್ ಮಾಡಿದ ಹೊಸ ಇಂಜಿನ್‌ನಲ್ಲಿ ಆಕ್ಟೇನ್ ಲಾಭದಿಂದ ಸ್ವಲ್ಪ ವಾಪಸ್ ಬರುತ್ತದೆ. ಡೀಸೆಲ್‌ನಲ್ಲಿ ಲೀಟರಿಗೆ 36 ಮೆಗಾಜೂಲ್. ಡೀಸೆಲ್ ಮೈಲೇಜ್ ಕೊಡುವುದರಲ್ಲಿ ಒಂದು ಪಾಲು ಇಂಜಿನ್ ಗುಣ, ಇನ್ನೊಂದು ಪಾಲು ಲೀಟರಿನೊಳಗೇ ಇರುವ ಶಕ್ತಿ.

ಇನ್ನೊಂದು ಮುಖ್ಯ ಸಂಗತಿ: ಎಥನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿ ವಿದೇಶಕ್ಕೆ ಹೋಗುವವರು ಟ್ಯಾಂಕ್ ಅರೆಬರೆ ಬಿಡಬೇಡಿ. ನೀರು ಮಿತಿ ಮೀರಿದರೆ ಎಥನಾಲ್ ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಕೂರುತ್ತದೆ. ಪಂಪ್ ಮೊದಲು ಎಳೆಯುವುದು ತಳದ್ದನ್ನೇ. ಸ್ಟಾರ್ಟ್ ಆಗದ ಗಾಡಿಗೆ ಬ್ಯಾಟರಿ ಬದಲಾಯಿಸುತ್ತಾ ಕೂರಬೇಡಿ.

ಹಾಸನ_ಹೊಯ್ಸಳ
ಆ್ಯಡ್‌ಬ್ಲೂ ಬಗ್ಗೆ ಸ್ವಲ್ಪ ಹೇಳಿ. ಒಬ್ಬರು "ಯೂರಿಯಾ ನೀರು ತಾನೇ, ಮನೇಲೇ ಕಲಸಬಹುದು" ಅಂದರು.

ಪಾನಾ_12_13
ಅವರ ಮಾತು ಕೇಳಿದರೆ ಗಾಡಿ ಕೆಡುತ್ತದೆ. ಆ್ಯಡ್‌ಬ್ಲೂ ಅಂದರೆ 32.5% ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಎಕ್ಸಾಸ್ಟಿಗೆ ಸಿಂಪಡಿಸಿದಾಗ ಅಮೋನಿಯಾ ಆಗಿ ನೈಟ್ರೋಜನ್ ಆಕ್ಸೈಡುಗಳನ್ನು ಸಾರಜನಕ, ನೀರಾಗಿ ಒಡೆಯುತ್ತದೆ. ನಮ್ಮಲ್ಲಿ ಗೊಬ್ಬರದ ಅಂಗಡಿಯಲ್ಲಿ ಸಿಗುವ ಯೂರಿಯಾಗೆ 2015ರಿಂದ ಬೇವಿನೆಣ್ಣೆ ಲೇಪನ ಕಡ್ಡಾಯ. ಆ ಎಣ್ಣೆ, ಬೋರ್‌ವೆಲ್ ನೀರಿನ ಸುಣ್ಣ ಎರಡೂ ಹೋಗಿ ಕೂರುವುದು ಡೋಸಿಂಗ್ ಇಂಜೆಕ್ಟರಿನ ಸೂಜಿಮೊನೆಯಷ್ಟು ತೂತಿನಲ್ಲಿ. ಅದು ಕಟ್ಟಿದರೆ ಕ್ಯಾಟಲಿಸ್ಟ್ ಕೂಡ ಹಿಂದೆಯೇ ಹೋಗುತ್ತದೆ.

ಖರ್ಚು ಸಾವಿರ ಕಿ.ಮೀ.ಗೆ ಒಂದು ಲೀಟರಿನ ಆಸುಪಾಸು, ಲೋಡ್ ಜಾಸ್ತಿಯಾದರೆ ಇನ್ನಷ್ಟು. ಬಂಕ್‌ಗಳಲ್ಲಿ, ಲಾರಿ ಬಿಡಿಭಾಗದ ಅಂಗಡಿಗಳಲ್ಲಿ ಕ್ಯಾನ್ ಸಿಗುತ್ತದೆ. ಕ್ಯಾನ್ ಮೇಲೆ ಐಎಸ್‌ಒ 22241 ಅಂತ ಇರಬೇಕು, ತಯಾರಾದ ತಾರೀಕು ನೋಡಿ, ವರ್ಷ ದಾಟಿದ್ದು ಬೇಡ. ಬಿಸಿಲಿಗಿಟ್ಟ ಕ್ಯಾನೂ ಬೇಡ. ತುಂಬಿದ ಮೇಲೆ ಮುಚ್ಚಳದ ಸುತ್ತ ಚೆಲ್ಲಿದ್ದನ್ನು ನೀರಿನಿಂದ ಒರೆಸಿ, ಒಣಗಿದರೆ ಬಿಳಿ ಹರಳು ಕಟ್ಟಿ ಬಣ್ಣ ತಿನ್ನುತ್ತದೆ. ಖಾಲಿಯಾಗುವ ಮುಂಚೆ ಇನ್ನೆಷ್ಟು ಕಿ.ಮೀ. ಉಳಿದಿದೆ ಅಂತ ಮೀಟರ್ ಎಣಿಸುತ್ತಾ ಬರುತ್ತದೆ. ಸೊನ್ನೆ ಆದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಕೆಟ್ಟಿರುವುದಲ್ಲ, ನಿಯಮವೇ ಹಾಗೆ.

ಅಕಸ್ಮಾತ್ ಡೀಸೆಲ್ ಟ್ಯಾಂಕಿಗೆ ಆ್ಯಡ್‌ಬ್ಲೂ ಸುರಿದರೆ ಕೀ ಕೂಡ ತಿರುಗಿಸಬೇಡಿ. ಕೀ ಆನ್ ಆದರೆ ಟ್ಯಾಂಕಿನ ಪಂಪ್ ಅದನ್ನು ಮುಂದಕ್ಕೆ ತಳ್ಳುತ್ತದೆ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿದರೂ ಅದೇ ಮಾತು. ಹೈಪ್ರೆಷರ್ ಪಂಪ್‌ಗೆ ಡೀಸೆಲ್ಲೇ ಜಿಡ್ಡು. ಪೆಟ್ರೋಲ್ ಒಳಗೆ ಹೋದರೆ ಉಕ್ಕು ಉಕ್ಕಿಗೆ ಉಜ್ಜಿ ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹೋಗುತ್ತದೆ. ಬಂಕಿನಲ್ಲೇ ತಳ್ಳಿ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸಿ.

ಹುಬ್ಬಳ್ಳಿ_ಬೈಪಾಸ್
ಇಷ್ಟೆಲ್ಲಾ ಯಾಕ್ರೀ, ಡಿಪಿಎಫ್ ತಗಿಸಿ ಪೈಪ್ ಹಾಕಿ ಸಾಫ್ಟ್‌ವೇರ್ ಬದಲಿ ಮಾಡಿದ್ರ ಮುಗೀತು ಅಂತ ಭಾಳ ಮಂದಿ ಅಂತಾರ. ಇದು ಖರೇನ?

ಪಾನಾ_12_13
ಮಾಡಿಸಬೇಡಿ ಸರ್. ವಾರಂಟಿ ಹೋಗುತ್ತದೆ, ಕಾನೂನು ಪ್ರಕಾರ ತಪ್ಪು, ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು. ಹಿಂದಿನ ಗಾಡಿಯವರ ಮಕ್ಕಳು ಆ ಮಸಿ ಕುಡಿಯುತ್ತಾರೆ.

ಬದಲಿಗೆ ಆಯಿಲ್ ಮೇಲೆ ಗಮನ ಕೊಡಿ. ಬಿಎಸ್6 ಡೀಸೆಲಿಗೆ ಎಸಿಇಎ (ಯುರೋಪಿನ ಆಯಿಲ್ ಮಾನದಂಡ) ಸಿ2 ಅಥವಾ ಸಿ3 ದರ್ಜೆಯ ಆಯಿಲ್, ಮ್ಯಾನುಯಲ್‌ನಲ್ಲಿ ಯಾವುದು ಬರೆದಿದೆಯೋ ಅದು. ಇವುಗಳಲ್ಲಿ ಬೂದಿ ಬಿಡುವ ಅಂಶ ಕಡಿಮೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಹೊರಗಡೆ ಗ್ಯಾರೇಜಿನಲ್ಲಿ ಹಳೇ ಲಾರಿಗೆ ಹಾಕುವ ಆಯಿಲ್ ಸುರಿದರೆ ಎಷ್ಟು ಹೈವೇ ಓಡಿಸಿದರೂ ಡಿಪಿಎಫ್ ಬೇಗ ತುಂಬುತ್ತದೆ.

ಎಥನಾಲ್_ಮಂಡ್ಯ
ಹಾಸನ, ಮಂಡ್ಯ ಕಡೆಯವರು ಮರೆಯಬಾರದ ವಿಷಯ: ಸುಗ್ಗಿ ಕಾಲದಲ್ಲಿ ರಸ್ತೆ ಮೇಲೇ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಹುರುಳಿ ಬಳ್ಳಿ ಉದ್ದ, ಆ್ಯಕ್ಸಲ್ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಂಡು ಎಕ್ಸಾಸ್ಟ್ ಪೈಪಿಗೆ ತಾಗುತ್ತದೆ. ಪೆಟ್ರೋಲ್ ಗಾಡಿಯ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಬಿಸಿಯೇ, ಆದರೆ ರೀಜೆನ್ ನಡೆಯುತ್ತಿರುವ ಡೀಸೆಲ್ ಅದಕ್ಕೂ ಮೇಲೆ. ಹೀಗೆ ಬೆಂಕಿ ಹತ್ತಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹುಲ್ಲಿನ ಮೇಲೆ ಹಾಯದೆ ದಾರಿ ಇಲ್ಲದಿದ್ದರೆ, ದಾಟಿದ ಮೇಲೆ ಬರಿನೆಲದಲ್ಲಿ ನಿಲ್ಲಿಸಿ ಬಗ್ಗಿ ನೋಡಿ. ಸುತ್ತಿಕೊಂಡಿದ್ದರೆ ಗಾಡಿ ಆಫ್ ಮಾಡಿ, ತಣ್ಣಗಾದ ಮೇಲೆ ಕುಡುಗೋಲಿನಿಂದ ಕೊಯ್ದು ತೆಗೆಯಿರಿ. ಕೈಯಲ್ಲಿ ಎಳೆದರೆ ಎಬಿಎಸ್ ಸೆನ್ಸರ್ ವೈರ್ ಕಿತ್ತುಬರುತ್ತದೆ. ಕಾಫಿ ತೋಟದೊಳಗಿನ ಒಣ ತರಗಿನ ಮೇಲೂ ಪಾರ್ಕ್ ಮಾಡಬೇಡಿ.

ಲೆಕ್ಕ_ಪಕ್ಕಾ
ಒಳ್ಳೇ ವಿಷಯ ಹೇಳಿದಿರಿ. ಇದು ಯಾವ ವೀಡಿಯೊ ರಿವ್ಯೂನಲ್ಲೂ ಬರಲ್ಲ.

ಕಾರ್_ಹೊಸಬ
10 ವರ್ಷ ಆದ ಡೀಸೆಲ್ ಗುಜರಿಗೆ ಹಾಕಬೇಕಂತೆ ಅಲ್ವಾ? ಹಾಗಾದರೆ ಡೀಸೆಲ್ ಯಾಕೆ ತೆಗೆದುಕೊಳ್ಳೋದು?

ಲೆಕ್ಕ_ಪಕ್ಕಾ
ಅದು ದೆಹಲಿ ರಾಷ್ಟ್ರ ರಾಜಧಾನಿ ವಲಯದ ಮಾತು. 2015ರ ಹಸಿರು ನ್ಯಾಯಮಂಡಳಿ ಆದೇಶ, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು, 2025ರಲ್ಲಿ ಅದೇ ಕೋರ್ಟ್ ಜಾರಿಯನ್ನು ಸಡಿಲಿಸಿತು. ಕರ್ನಾಟಕದಲ್ಲಿ ಡೀಸೆಲ್ಲೇ ಆಗಲಿ ಪೆಟ್ರೋಲೇ ಆಗಲಿ ಮೊದಲ ನೋಂದಣಿ 15 ವರ್ಷ. ಆಮೇಲೆ ಫಿಟ್‌ನೆಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ ನವೀಕರಣ. ಕೆಲಸದ ಮೇಲೆ ದೆಹಲಿ ಕಡೆ ವರ್ಗ ಆಗುವವರು ಮಾತ್ರ ಯೋಚಿಸಿ.

ಕುಡ್ಲದ_ಘಾಟಿ
ಹೈಬ್ರಿಡ್ ಯಾರೂ ಹೇಳ್ಲಿಲ್ಲ. ಹೈರೈಡರ್, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗೆ ಎಆರ್‌ಎಐ ಅಂಕಿ 27.97. ಊರೊಳಗೆ ನಿಧಾನದಲ್ಲಿ ಬ್ಯಾಟರಿಯಲ್ಲೇ ಓಡ್ತದೆ, ಚಿಕ್ಕ ಓಡಾಟಕ್ಕೆ ಡೀಸೆಲಿನ ತಾಪತ್ರಯ ಒಂದೂ ಇಲ್ಲ. ಇವರ ಊರಿನ ಓಡಾಟಕ್ಕೆ ಸರಿಯಾಗಿ ಕೂರ್ತದೆ.

ಆದರೆ ಘಾಟಿ ಇಳಿಯುವಾಗ ಒಂದು ವಿಷಯ ತಿಳಿದಿರಲಿ. ಅದರ ಬ್ಯಾಟರಿ 0.76 ಯೂನಿಟ್ ಅಷ್ಟೇ. 1,700 ಕೆ.ಜಿ. ಗಾಡಿ 700 ಮೀಟರ್ ಕೆಳಗೆ ಇಳಿದ್ರೆ ಬಿಡುಗಡೆ ಆಗುವ ಶಕ್ತಿ 3 ಯೂನಿಟಿಗಿಂತ ಜಾಸ್ತಿ. ಅರ್ಧ ದಾರಿಗೆ ಮೊದಲೇ ಬ್ಯಾಟರಿ ತುಂಬ್ತದೆ, ಆಮೇಲೆ ಮೋಟಾರಿನ ಹಿಡಿತ ಕಡಿಮೆ ಆಗ್ತದೆ, ಬ್ರೇಕ್ ಮೇಲೆ ಭಾರ ಬೀಳ್ತದೆ. ಘಾಟಿಯ ತುದಿಯಿಂದಲೇ ಇಂಜಿನ್ ಹಿಡಿತ ಹೆಚ್ಚಿಸುವ ಬಿ ಮೋಡ್‌ಗೆ ಹಾಕಿ. ಇಂಜಿನ್ ಸುಮ್ಮನೆ ಜೋರಾಗಿ ತಿರುಗಿದ ಶಬ್ದ ಕೇಳ್ತದೆ, ಗಾಬರಿ ಬೇಡ.

ಡೀಸೆಲ್ ಇಳಿಸುವವರಿಗೂ ಹೇಳ್ತೇನೆ. ಪೆಟ್ರೋಲ್ ಇಂಜಿನಿನಲ್ಲಿ ಥ್ರಾಟಲ್ ಮುಚ್ಚಿದಾಗ ನಿರ್ವಾತದ ಎಳೆತ ಉಂಟು, ಡೀಸೆಲಿನಲ್ಲಿ ಅದು ಕಡಿಮೆ. ಹಾಗಾಗಿ ಇಳಿಯುವಾಗ ಇನ್ನೊಂದು ಗೇರ್ ಕೆಳಗೆ ಬೇಕು. ನ್ಯೂಟ್ರಲ್ ಮಾಡಿ ಇಳಿಸಿದ್ರೆ ಮೈಲೇಜ್ ಅನ್ನುವವರು ಈಗಲೂ ಇದ್ದಾರೆ. ಗೇರಿನಲ್ಲಿ ಕಾಲು ತೆಗೆದ್ರೆ ಇಂಜೆಕ್ಟರ್ ಪೂರ್ತಿ ಬಂದ್, ನ್ಯೂಟ್ರಲ್‌ನಲ್ಲಿ ಐಡಲ್‌ಗಾದ್ರೂ ಇಂಧನ ಬೇಕು.

ಹಾಸನ_ಹೊಯ್ಸಳ
ಹೈಬ್ರಿಡ್ ಬೆಲೆ ನೋಡಿದೆ ಸರ್, ನಮ್ಮ ಮಿತಿ ದಾಟುತ್ತದೆ. ಎಲ್ಲ ಓದಿದ ಮೇಲೆ 1.5 ಸಾದಾ ಪೆಟ್ರೋಲ್ ಕಡೆ ಮನಸ್ಸು ವಾಲಿದೆ. ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಲಿ? ಇನ್ನೊಂದು ಪ್ರಶ್ನೆ: ಪರಿಚಯದವರ ಕಡೆಯಿಂದ ಮೂರು ವರ್ಷ ಹಳೆಯ ಡೀಸೆಲ್ ಒಂದು ಒಳ್ಳೆ ಬೆಲೆಗೆ ಬಂದಿದೆ. ಅದನ್ನು ನೋಡಬಹುದಾ?

ಲೆಕ್ಕ_ಪಕ್ಕಾ
ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ, ಐದೂ ಜನ ಹತ್ತಿ. ಎಸಿ ಹಾಕಿಸಿ. ಏರು ಇರುವ ರಸ್ತೆಗೇ ಕರೆದೊಯ್ಯಿರಿ, ನಿಂತಲ್ಲಿಂದ ಹೊರಡಿಸಿ, ಮೂರನೇ ಗೇರಿನಲ್ಲಿ 30ರಿಂದ 60ಕ್ಕೆ ಹೇಗೆ ಏರುತ್ತದೆ ನೋಡಿ. ನಿಮಗೆ ಸಾಕು ಅನ್ನಿಸಿದರೆ ಸಾಕು. ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಡೀಸೆಲ್ ಐಡಲ್‌ನ ನಡುಕ ಅವರಿಗೆ ಹಿಡಿಸುತ್ತದಾ ಕೇಳಿ.

ಹಳೆಯ ಡೀಸೆಲ್ ಆದರೆ ಬೆಲೆಯ ಲೆಕ್ಕ ಪೂರ್ತಿ ಬದಲಾಗುತ್ತದೆ. ಆ 1.8 ಲಕ್ಷದಲ್ಲಿ ದೊಡ್ಡ ಪಾಲನ್ನು ಮೊದಲ ಮಾಲೀಕರು ಕೊಟ್ಟಾಗಿದೆ. ಗಾಡಿಯ ಆರೋಗ್ಯದ ಬಗ್ಗೆ ಪಾನಾ ಅವರೇ ಹೇಳಲಿ.

ಪಾನಾ_12_13
ನೋಡಬಹುದು, ಆದರೆ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಜೊತೆಗೇ ಹೋಗಿ. ಹೊರಗಿನ ಪಾಲಿಶ್ ನೋಡುವ ಮೊದಲು ಇವಿಷ್ಟು:

ಸ್ಕ್ಯಾನರ್‌ನಲ್ಲಿ ಡಿಪಿಎಫ್ ಮಸಿ ಮತ್ತು ಬೂದಿ ಎಷ್ಟು ಗ್ರಾಂ, ಕೊನೆಯ ರೀಜೆನ್ ಆಗಿ ಎಷ್ಟು ಕಿ.ಮೀ., ಸರಾಸರಿ ಎಷ್ಟು ಕಿ.ಮೀ.ಗೊಮ್ಮೆ ಆಗುತ್ತಿದೆ. ಸರಾಸರಿ 150ರ ಕೆಳಗಿದ್ದರೆ ಆ ಗಾಡಿ ಊರೊಳಗೇ ಬೆಳೆದದ್ದು, ಬಿಟ್ಟುಬಿಡಿ. ಐಡಲ್‌ನಲ್ಲಿ ನಾಲ್ಕು ಇಂಜೆಕ್ಟರ್‌ಗಳ ತಿದ್ದುಪಡಿ ಅಂಕಿ ನೋಡಿ. ಒಂದೇ ಒಂದು ಉಳಿದ ಮೂರಕ್ಕಿಂತ ದೂರ ನಿಂತಿದ್ದರೆ ಬೆಲೆ ಮಾತಾಡುವಾಗ ಒಂದು ಇಂಜೆಕ್ಟರ್ ದುಡ್ಡು ಕಳೆಯಿರಿ.

ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ಒರೆಸಿ. ಡಿಪಿಎಫ್ ಸರಿಯಿದ್ದರೆ ಬೆರಳಿಗೆ ಹೆಚ್ಚೆಂದರೆ ಬೂದು ಧೂಳು. ಕಪ್ಪು ಮಸಿ ಮೆತ್ತಿದರೆ ಒಳಗೆ ಒಡೆದಿದೆ ಅಥವಾ ತೆಗೆಸಿದ್ದಾರೆ. ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿ, ಮೂಸಿ. ಕಪ್ಪು ಬಣ್ಣಕ್ಕೆ ಹೆದರಬೇಡಿ, ಡೀಸೆಲ್ ಆಯಿಲ್ ನೂರು ಕಿ.ಮೀ.ಗೇ ಕಪ್ಪಾಗುತ್ತದೆ. ಆ್ಯಡ್‌ಬ್ಲೂ ಇರುವ ಗಾಡಿಯಾದರೆ ಮುಚ್ಚಳದ ಸುತ್ತ ಹರಳು. ಇಂಟರ್‌ಕೂಲರ್ ಹೋಸ್ ಜಾಯಿಂಟ್‌ನಲ್ಲಿ ಎಣ್ಣೆ ಜಿನುಗಿದ್ದು ತೆಳುವಾಗಿದ್ದರೆ ಪರವಾಗಿಲ್ಲ, ತೊಟ್ಟಿಕ್ಕುತ್ತಿದ್ದರೆ ಟರ್ಬೋ ನೋಡಿಸಿ. ಸರ್ವಿಸ್ ಬಿಲ್‌ಗಳಲ್ಲಿ ಆಯಿಲ್ ದರ್ಜೆ ಬರೆದಿರುತ್ತದೆ, ಡೀಸೆಲ್ ಫಿಲ್ಟರ್ ಎಷ್ಟು ಸಲ ಬದಲಾಗಿದೆ ಅಂತಲೂ ಅದರಲ್ಲೇ ಇರುತ್ತದೆ.

ಕಡೆಯದಾಗಿ, ಬೆಳಿಗ್ಗೆ ಹೋಗಿ. "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣನೆಯ ಸ್ಟಾರ್ಟ್ ನಿಮಗೆ ತೋರಿಸಲು ಅವರಿಗೆ ಇಷ್ಟವಿಲ್ಲ ಅಂತ ಅರ್ಥ. ಇನ್ನೊಂದು ದಿನ ಬರುತ್ತೇವೆ ಅನ್ನಿ.